ನಮ್ಮ ಊರನ್ನು ನಾವು ನೋಡಿದ್ದೇವೆಯೇ?

"ದೇಶ ಸುತ್ತು, ಕೋಶ ಓದು" ಎಂಬುದು ಹಿರಿಯರ ಮಾತು. ಕೋಶ ಓದಿಸುವ ಕೆಲಸವನ್ನು ಶಾಲೆಯಲ್ಲಿ ನಾವು ಯಥಾಶಕ್ತಿ ಮಾಡುತ್ತಿದ್ದೇವೆ. ಆದರೆ ದೇಶ ಸುತ್ತುವುದೆಂದರೆ ವರ್ಷಕ್ಕೊಮ್ಮೆ ಬಸ್ಸು ಗೊತ್ತುಮಾಡಿ ಮೈಸೂರಿಗೋ ಊಟಿಗೋ ಹೋಗಿ ಬರುವುದೆಂದೇ ನಾವೆಲ್ಲ ತಿಳಿದುಕೊಂಡಿದ್ದೇವೆ. ಮೈಸೂರು ಅರಮನೆಯ ದೀಪಾಲಂಕಾರವನ್ನು ಬಾಯ್ತುಂಬ ವರ್ಣಿಸಬಲ್ಲ ವಿದ್ಯಾರ್ಥಿಯನ್ನು, "ನಿನ್ನ ಮನೆಯ ಹಿಂದಿನ ತೋಡು ಎಲ್ಲಿ ಹುಟ್ಟುತ್ತದೆ? ಯಾವ ಹೊಳೆಯನ್ನು ಸೇರುತ್ತದೆ?" ಎಂದು ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥವರನ್ನು ಕಂಡೇ ಹುಟ್ಟಿರಬೇಕು. ಈ ತಪ್ಪು ವಿದ್ಯಾರ್ಥಿಗಳದು ಮಾತ್ರವಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ನಮ್ಮದೂ ಹೌದು.

ಆದುದರಿಂದ ಕೆಲವು ವರ್ಷಗಳಿಂದ, ಮಳೆ ಬಿಟ್ಟ ಮೇಲಿನ ರಜಾದಿನಗಳಲ್ಲಿ, ನಾವು ಹತ್ತು ಹನ್ನೆರಡು ಮಂದಿ ಕೂಡಿ ಕಾಸರಗೋಡಿನ ಈ ನೆಲವನ್ನು ಕಾಲ್ನಡಿಗೆಯಲ್ಲಿ, ಸೈಕಲಿನಲ್ಲಿ ಸುತ್ತುವ ಅಭ್ಯಾಸವಿಟ್ಟುಕೊಂಡಿದ್ದೇವೆ. ಇದಕ್ಕೆ ಖರ್ಚಿಲ್ಲ, ದೊಡ್ಡ ಸಿದ್ಧತೆಯೂ ಬೇಡ. ಹೇಗೆ ಸುತ್ತಬೇಕು, ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಾಲು ಮತ್ತು ಗಾಲಿ

ಬಸ್ಸಿನಲ್ಲಿ ಕುಳಿತವನಿಗೆ ಊರು ಓಡುತ್ತದೆ. ನಡೆಯುವವನಿಗೆ ಮಾತ್ರ ಊರು ನಿಂತು ಮಾತನಾಡುತ್ತದೆ. ನೋಡುತ್ತ, ಕೇಳುತ್ತ, ಬರೆದುಕೊಳ್ಳುತ್ತ ನಡೆದರೆ ಒಂದು ಬೆಳಗಿನಲ್ಲಿ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ಸಾಗುವುದಿಲ್ಲ. ಸಾಗಬೇಕಾಗಿಯೂ ಇಲ್ಲ. ಒಂದು ತೋಡು, ಒಂದು ಗುಡ್ಡೆ, ಒಂದು ಬೈಲು ನೋಡಲು ಅಷ್ಟು ಸಾಕು. ಆದರೆ ಒಂದು ಊರಿಗೂ ಮತ್ತೊಂದು ಊರಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಸೈಕಲ್ ಬೇಕು. ಅದೇ ಮೂರು ಗಂಟೆಗಳಲ್ಲಿ ಸೈಕಲ್ ನಮ್ಮನ್ನು ಇಪ್ಪತ್ತು ಕಿಲೋಮೀಟರ್ ದಾಟಿಸುತ್ತದೆ. ಬೇಕಾದಲ್ಲಿ ಇಳಿದು ಮರಕ್ಕೆ ಒರಗಿಸಿ ನಿಲ್ಲಲೂ ಬರುತ್ತದೆ.

ಉದಾಹರಣೆಗೆ ಕುಂಬಳೆಯಿಂದ ನಾಯ್ಕಾಪು, ಸೀತಾಂಗೋಳಿ, ನೀರ್ಚಾಲು ಮಾರ್ಗವಾಗಿ ಬದಿಯಡ್ಕಕ್ಕೆ ಹೋಗಿರಿ. ಕಡಲ ಬದಿಯ ಮರಳು ಮತ್ತು ತೆಂಗು ಹಿಂದೆ ಉಳಿಯುತ್ತವೆ. ಏರು ಬರುತ್ತದೆ, ಮಣ್ಣು ಕೆಂಪಾಗುತ್ತದೆ, ಮರಗಳಿಲ್ಲದ ಬಯಲು ಪಾರೆ ಕಾಣುತ್ತದೆ. ಮತ್ತೆ ಇಳಿದರೆ ತಣ್ಣನೆಯ ಅಡಿಕೆ ತೋಟ. ಭೂಗೋಳದ ಪುಸ್ತಕದಲ್ಲಿ ಕರಾವಳಿ, ಇಡನಾಡು, ಮಲೆನಾಡು ಎಂದು ಮೂರು ಸಾಲಿನಲ್ಲಿ ಓದಿದ್ದನ್ನು ಇಲ್ಲಿ ನಮ್ಮ ತೊಡೆಗಳೇ ತಿಳಿಯುತ್ತವೆ. ಏರಿನಲ್ಲಿ ಸೈಕಲನ್ನು ತಳ್ಳಿದವನು ಇಡನಾಡನ್ನು ಮರೆಯುವುದಿಲ್ಲ.

ಅಳೆಯುವ ಕ್ರಮ

ಸುಮ್ಮನೆ ಸುತ್ತಿದರೆ ಅದು ವಿಹಾರ. ಅಳೆದು ಬರೆದುಕೊಂಡರೆ ಅದು ವಿದ್ಯೆ. ಅಳೆಯುವುದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ.

ಮೊದಲನೆಯದು ಹೆಜ್ಜೆ. ಶಾಲೆಯ ಮೈದಾನದಲ್ಲಿ ನೂರು ಮೀಟರ್ ಅಳೆದು, ಎಂದಿನಂತೆ ನಡೆದು ಹೆಜ್ಜೆ ಎಣಿಸಬೇಕು. 60 ಸೆಂಟಿಮೀಟರ್ ಹೆಜ್ಜೆಯವನಿಗೆ ಸುಮಾರು 167 ಹೆಜ್ಜೆಗಳಾಗುತ್ತವೆ. ಈ ಸಂಖ್ಯೆ ಗೊತ್ತಿದ್ದರೆ ಯಾವ ದಾರಿಯನ್ನಾದರೂ ಅಳೆಯಬಹುದು. ಎರಡನೆಯದು ಸೈಕಲಿನ ಗಾಲಿ. ಟಯರಿನ ಮೇಲೆ ಸುಣ್ಣದ ಗುರುತು ಮಾಡಿ, ಗಾಲಿಯನ್ನು ಒಂದು ಸುತ್ತು ಉರುಳಿಸಿ, ನೆಲದ ಮೇಲಿನ ಉದ್ದವನ್ನು ಅಳೆಯಬೇಕು. ದೊಡ್ಡವರ ಸೈಕಲಿನಲ್ಲಿ ಅದು ಸುಮಾರು 2 ಮೀಟರ್ 20 ಸೆಂಟಿಮೀಟರ್ ಇರುತ್ತದೆ. ಹಾಗಾದರೆ ಸುಮಾರು 455 ಸುತ್ತಿಗೆ ಒಂದು ಕಿಲೋಮೀಟರ್. ಕಡ್ಡಿಯೊಂದಕ್ಕೆ ಗಟ್ಟಿ ಕಾಗದದ ತುಂಡು ಕಟ್ಟಿದರೆ ಪ್ರತಿ ಸುತ್ತಿಗೂ ಟಪ್ಪೆಂದು ಸದ್ದಾಗುತ್ತದೆ, ಎಣಿಸುವುದು ಸುಲಭ. ಪರಿಧಿಯ ಲೆಕ್ಕ ಬಾರದ ಹುಡುಗರು ಇದರಿಂದ ಅದನ್ನು ಕಲಿತದ್ದನ್ನು ನಾವು ಕಂಡಿದ್ದೇವೆ.

ಮೂರನೆಯದು ದಿಕ್ಕು. ನೆಟ್ಟ ಕೋಲಿನ ನೆರಳು ಅತ್ಯಂತ ಗಿಡ್ಡವಾದಾಗ ಅದು ಉತ್ತರ ದಕ್ಷಿಣವಾಗಿ ಬಿದ್ದಿರುತ್ತದೆ. ನಮ್ಮ ಊರಿನಲ್ಲಿ ಒಂದು ವಿಶೇಷವಿದೆ. ವರ್ಷದ ಹೆಚ್ಚು ಕಾಲ ಈ ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುವುದರಿಂದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ದೆಹಲಿಯವರಿಗೆ ಈ ಭಾಗ್ಯವಿಲ್ಲ.

ಇಷ್ಟಾದ ಮೇಲೆ ನಕ್ಷೆ ಬರೆಯುವುದು ಕಷ್ಟವಲ್ಲ. ಭಾರತ ಸರ್ವೇಕ್ಷಣ ಇಲಾಖೆಯ ಭೂಪಟಗಳಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂಬ ಅಳತೆಯಿದೆ. ನಮ್ಮ ನಕ್ಷೆಯನ್ನೂ ಅದೇ ಅಳತೆಯಲ್ಲಿ ಬರೆದರೆ ಎರಡನ್ನೂ ಹೋಲಿಸಬಹುದು. ಈಗ ಮೊಬೈಲಿನಲ್ಲೇ ನಕ್ಷೆ ಸಿಗುತ್ತದಲ್ಲ ಎಂದು ಕೇಳುವವರುಂಟು. ಸಿಗುತ್ತದೆ. ಆದರೆ ಅದರಲ್ಲಿ ಕಾಲುದಾರಿಯ ಸಂಕ, ನಾಗಬನ, ಸುರಂಗ ಇವು ಇಲ್ಲ. ಅವುಗಳನ್ನು ಬರೆಯಬೇಕಾದವರು ನಾವೇ.

ಕಾಲ ಕೆಳಗಿನ ಕಲ್ಲು

ಮೊದಲು ನೋಡಬೇಕಾದದ್ದು ನಾವು ನಿಂತಿರುವ ನೆಲವನ್ನು. ನಮ್ಮ ಮನೆ, ಶಾಲೆ, ಬಾವಿಕಟ್ಟೆ ಎಲ್ಲವೂ ಮುರಕಲ್ಲಿನಿಂದ ಆದವು. ಕಬ್ಬಿಣದ ಅಂಶ ಹೆಚ್ಚಾಗಿರುವುದರಿಂದ ಅದಕ್ಕೆ ಕೆಂಪು ಬಣ್ಣ. ಬಿಸಿಲು ಮಳೆಗಳೆರಡೂ ಹೆಚ್ಚಿರುವ ನಾಡಿನಲ್ಲಿ ಮೂಲಶಿಲೆ ಸಾವಿರಾರು ವರ್ಷ ಕೊಳೆತು, ಕರಗುವ ವಸ್ತುಗಳು ಮಳೆನೀರಿನೊಡನೆ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದು ಈ ಕಲ್ಲಾಗುತ್ತದೆ. ನೆಲದೊಳಗಿರುವಾಗ ಕತ್ತಿಯಿಂದ ಕಡಿಯುವಷ್ಟು ಮೆದು. ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800-01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದನು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲ್ಯಾಟರ್' ಎಂದರೆ ಇಟ್ಟಿಗೆ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಈ ಹೆಸರು ನಮ್ಮ ಮನೆಯ ಗೋಡೆಯ ಕಲ್ಲಿಗೆ ಇಟ್ಟದ್ದು.

ಕೆಳದಿಯ ನಾಯಕರು ಕಟ್ಟಿಸಿದ ಬೇಕಲದ ಕೋಟೆ, ಚಂದ್ರಗಿರಿಯ ಕೋಟೆ ಇವುಗಳೂ ಇದೇ ಕಲ್ಲಿನವು. ಬೇಕಲವು ಕಾಸರಗೋಡಿನಿಂದ ಸುಮಾರು 16 ಕಿಲೋಮೀಟರ್ ದಕ್ಷಿಣಕ್ಕಿದೆ. ಕೋಟೆಯ ಚರಿತ್ರೆಯನ್ನು ಪಠ್ಯದಲ್ಲಿ ಓದಿರುತ್ತೀರಿ. ಅಲ್ಲಿಗೆ ಹೋದಾಗ ಗೋಡೆಯನ್ನು ಮುಟ್ಟಿ, ನಿಮ್ಮ ಮನೆಯ ಗೋಡೆಯನ್ನು ನೆನಪಿಸಿಕೊಳ್ಳಿರಿ.

ಬೋಳು ಪಾರೆಯನ್ನು ನೋಡಿ ಇಲ್ಲೇನಿದೆ ಎಂದು ಮೂಗು ಮುರಿಯಬೇಡಿ. ಮಳೆಗಾಲದ ಕೊನೆಗೆ, ಓಣಂ ಹೊತ್ತಿಗೆ ಹೋಗಿರಿ. ಮಲಯಾಳದಲ್ಲಿ ಕಾಕ್ಕಪ್ಪೂವು ಎಂದು ಕರೆಯುವ ಪುಟ್ಟ ನೀಲಿ ಹೂ ಪಾರೆಯ ಮೇಲೆಲ್ಲ ಹಾಸಿರುತ್ತದೆ. ನೋಡಲು ಸಾಧು. ಆದರೆ ಅದರ ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿದ್ದು, ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. ಸಾರವಿಲ್ಲದ ನೆಲದಲ್ಲಿ ಬದುಕಲು ಅದು ಕಂಡುಕೊಂಡ ಉಪಾಯವಿದು.

ನೀರಿನ ಜಾಡು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರು ಹರಿಯದೆ ನಿಂತರೆ ಎರಡಾಳು ಎತ್ತರವಾದೀತು. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿವೆ. ಹೀಗಿದ್ದೂ ಮಾರ್ಚ್ ಬಂತೆಂದರೆ ಕೊಡಪಾನ ಹಿಡಿದು ಓಡುವುದು ಯಾಕೆ? ಮಳೆಯಲ್ಲಿ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಇಳಿಜಾರು. ಮುರಕಲ್ಲು ಜರಡಿಯಂತೆ ತೂತುತೂತು. ಹೊಳೆಗಳೂ ಗಿಡ್ಡ. ಚಂದ್ರಗಿರಿ ಹೊಳೆಯೊಂದೇ ಕೊಡಗಿನಲ್ಲಿ ಹುಟ್ಟಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿಯುತ್ತದೆ. ಮಂಜೇಶ್ವರದ ಹೊಳೆ 16 ಕಿಲೋಮೀಟರಿನಲ್ಲೇ ಕಡಲು ಸೇರುತ್ತದೆ.

ಓಡುವ ಈ ನೀರನ್ನು ಹಿಡಿಯಲು ಹಿರಿಯರು ಮಾಡಿದ ಉಪಾಯಗಳನ್ನು ನೋಡುತ್ತ ನಡೆದರೆ ಒಂದು ವರ್ಷದ ರಜಾದಿನಗಳು ಸಾಲವು. ಗುಡ್ಡದ ಮೇಲೆ ಮಳೆನೀರನ್ನು ತಡೆಯುವ ಮದಕ, ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ ಹಾಕುವ ಕಟ್ಟ, ಇವೆಲ್ಲಕ್ಕಿಂತ ಹೆಚ್ಚಾಗಿ ಸುರಂಗ. ಏತಡ್ಕದ ಕಡೆ ಒಂದೇ ತೋಡಿನಲ್ಲಿ ಸಾಲಾಗಿ ಕಟ್ಟಗಳನ್ನು ಹಾಕುವುದನ್ನು ಈಗಲೂ ನೋಡಬಹುದು. ಪಡ್ರೆ ಗ್ರಾಮದವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಈ ಕಟ್ಟ, ಸುರಂಗಗಳ ವಿಷಯವನ್ನು ನಾಡಿಗೆಲ್ಲ ತಿಳಿಯುವಂತೆ ಬರೆದಿದ್ದಾರೆ.

ಸುರಂಗವೆಂದರೆ ಅಡ್ಡಲಾಗಿ ತೋಡಿದ ಬಾವಿ. ಗುಡ್ಡದ ಮೈಗೆ ಒಬ್ಬ ಮನುಷ್ಯ ಹೋಗುವಷ್ಟು ಅಗಲ ಎತ್ತರಗಳಲ್ಲಿ ಮುರಕಲ್ಲನ್ನು ಕೊರೆಯುತ್ತ ಹೋಗುತ್ತಾರೆ. ಅಳತೆ ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಳಕ್ಕೆ ಹೋದಂತೆ ನೆಲ ತುಸು ಏರಿರಬೇಕು. ಆಗ ಒಸರುವ ನೀರು ತಾನೇ ಹೊರಕ್ಕೆ ಹರಿದು ಬರುತ್ತದೆ. ಕತ್ತಲೆಯಲ್ಲಿ ಮೊಂಬತ್ತಿಯೋ ದೀಪವೋ ಬೇಕು. ಅದು ಬೆಳಕಿಗೆ ಮಾತ್ರವಲ್ಲ. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹಿಂದಿರುಗಬೇಕು. ತೀರ ಉದ್ದವಾದ ಸುರಂಗಗಳಿಗೆ ಮೇಲಿನಿಂದ ಗಾಳಿಗುಂಡಿ ಇಳಿಸುವುದೂ ಉಂಟು. ನೀರನ್ನು ಅಡಿಕೆ ಮರದ ದಂಬೆಯಲ್ಲಿ ತಂದು ಕೆರೆಗೆ ಬಿಟ್ಟರೆ ಪಂಪು ಬೇಡ, ವಿದ್ಯುತ್ತು ಬೇಡ, ಹಗಲಿರುಳು ನೀರು. ಇರಾನ್ ದೇಶದಲ್ಲಿ ಖನಾತ್ ಎಂಬ ನೀರಿನ ಸುರಂಗಗಳಿವೆ. ನಮ್ಮ ಕರ್ನಾಟಕದ ಬೀದರಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಅವು ಅರಸರ, ಊರವರ ಕೆಲಸ. ನಮ್ಮ ಸುರಂಗಗಳಾದರೋ ಬಹುಮಟ್ಟಿಗೆ ಒಂದೊಂದು ಮನೆಯವರ ಕೆಲಸ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಗಳಲ್ಲಿ ಒಂದೇ ತೋಟಕ್ಕೆ ಎರಡು ಮೂರು ಸುರಂಗಗಳಿರುವುದುಂಟು.

ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಎರಡು ವರ್ಷಗಳ ಹಿಂದೆ ಜನವರಿಯಲ್ಲಿ ಒಂದು ತೋಡಿನ ಜಾಡು ಹಿಡಿದು ನಡೆಯುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, "ನಮ್ಮ ತೋಟದ ಮೇಲೆ ಒಂದು ಗುಹೆಯಿದೆ, ಬಾವಲಿಗಳಿವೆ" ಎಂದನು. ಹೋಗಿ ನೋಡಿದರೆ ಅದು ಸುರಂಗ. ಬಾಯಿಯಲ್ಲಿ ಬಳ್ಳಿ ಮುಚ್ಚಿತ್ತು. ಒಳಗಿನಿಂದ ಬೆರಳು ದಪ್ಪದ ನೀರು ಬರುತ್ತಲೇ ಇತ್ತು. ಕೊಳವೆಬಾವಿ ಬಂದ ಮೇಲೆ ಅತ್ತ ಯಾರೂ ಹೋಗಿರಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಅವನ ಅಜ್ಜ ನಮ್ಮ ಪ್ರಶ್ನೆಗಳನ್ನು ಕೇಳಿ ನಿಧಾನವಾಗಿ ಮಾತಿಗೆ ತೊಡಗಿದರು. ಅವರೂ ಅವರ ತಮ್ಮನೂ ಸೇರಿ ಎರಡು ಬೇಸಗೆಗಳಲ್ಲಿ ಅದನ್ನು ತೋಡಿದ್ದರು. ಮೊದಲನೆಯ ವರ್ಷ ಬಂಡೆ ಸಿಕ್ಕಿ ಕೆಲಸ ನಿಂತಿತು. ಎರಡನೆಯ ವರ್ಷ ಎಡಕ್ಕೆ ತಿರುಗಿಸಿದಾಗ ಮಣ್ಣು ತಣ್ಣಗಾಯಿತು. ಗೋಡೆಗೆ ಕಿವಿ ಕೊಟ್ಟಾಗ ನೀರಿನ ಸದ್ದು ಕೇಳಿಸಿತಂತೆ. ಯಾವ ಮರದ ಹತ್ತಿರ, ಯಾವ ಹುತ್ತದ ಕೆಳಗೆ ಅಗೆಯಬೇಕೆಂದು ಹೇಳಿಕೊಟ್ಟವರು ಯಾರು, ಮಣ್ಣು ಹೊತ್ತವರು ಯಾರು ಎಂಬುದನ್ನೆಲ್ಲ ಹೇಳಿದರು. ಹುಡುಗನು ಬಾಯಿ ತೆರೆದು ಕೇಳುತ್ತಿದ್ದನು. ಅದೇ ಮನೆಯಲ್ಲಿ ಹದಿನಾಲ್ಕು ವರ್ಷ ಬೆಳೆದ ಅವನಿಗೆ ಅದೊಂದೂ ಗೊತ್ತಿರಲಿಲ್ಲ. ಅವನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅಂದು ಅವನು ನೋಟುಪುಸ್ತಕದ ನಾಲ್ಕು ಪುಟ ತುಂಬ ಬರೆದುಕೊಂಡನು.

ಮುಂದಿನ ದೀಪಾವಳಿಗೆ ಮೊದಲು ಆ ಅಜ್ಜ ತೀರಿಕೊಂಡರು. ಅವರ ತಮ್ಮ ಮೊದಲೇ ಹೋಗಿದ್ದರು. ಆ ಸುರಂಗದ ಕಥೆ ಈಗ ಇರುವುದು ಆ ನಾಲ್ಕು ಪುಟಗಳಲ್ಲಿ ಮಾತ್ರ. ನಾವು ಒಂದು ವರ್ಷ ತಡಮಾಡಿ ಹೋಗಿದ್ದರೆ ಅದು ಬಾವಲಿಗಳ ಗುಹೆಯಾಗಿಯೇ ಉಳಿಯುತ್ತಿತ್ತು.

ಹೆಸರುಗಳು

ನಡೆಯುವಾಗ ಕಿವಿ ತೆರೆದಿರಬೇಕು. ಊರಿನ ಹೆಸರೇ ಊರಿನ ಮೊದಲ ನಕ್ಷೆ. ಬದಿಯಡ್ಕ, ಏತಡ್ಕ, ಧರ್ಮತ್ತಡ್ಕ, ಕಾರಡ್ಕ ಎಂಬ ಹೆಸರುಗಳನ್ನು ಸಾಲಾಗಿ ಬರೆದು ನೋಡಿರಿ. ಅಡ್ಕವೆಂದರೆ ಗುಡ್ಡದ ಮೇಲಿನ ಸಮತಟ್ಟಾದ ಒಣನೆಲ. ಗದ್ದೆಗಳಲ್ಲಿ ತಗ್ಗಿನದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು. ಬೈಲಿನಲ್ಲಿ ನೀರು ಹೆಚ್ಚು, ಬೆಟ್ಟಿನಲ್ಲಿ ಮಳೆಯನ್ನೇ ನಂಬಬೇಕು. ಹೆಸರು ತಿಳಿದವನಿಗೆ ನೆಲದ ಗುಣ ತಿಳಿಯಿತು. ನೀರ್ಚಾಲಿನ ಹೆಸರಿನಲ್ಲೇ ನೀರಿದೆ. ಊರಿನ ಹೆಸರುಗಳು ಸರಕಾರದ ದಾಖಲೆಯಲ್ಲಿವೆ. ಆದರೆ ಒಂದೊಂದು ಗದ್ದೆಗೆ, ತಿರುವಿಗೆ, ಕಟ್ಟೆಗೆ ಇರುವ ಹೆಸರುಗಳು ಹಿರಿಯರ ನಾಲಿಗೆಯಲ್ಲಿ ಮಾತ್ರ ಇವೆ.

1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಜಿಲ್ಲೆಯಾಯಿತು. ಮಂಜೇಶ್ವರ ಮಂಜೇಶ್ವರಂ ಆದದ್ದನ್ನೂ ಕುಂಬಳೆ ಕುಂಬಳ ಆದದ್ದನ್ನೂ ಫಲಕಗಳಲ್ಲಿ ನೀವು ನೋಡಿದ್ದೀರಿ. 2021ರಲ್ಲಿ ಊರ ಹೆಸರುಗಳ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಾವು ಕನ್ನಡದಲ್ಲೂ ಮಲಯಾಳದಲ್ಲೂ ಓದಿದವರು. ಎರಡು ಭಾಷೆಗಳ ಮೇಲೂ ನಮಗೆ ಪ್ರೀತಿಯಿದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕೇಳಿಬರುವ ಈ ಮಣ್ಣಿನಲ್ಲಿ ಒಂದು ಗುಡ್ಡೆಗೆ ಮೂರು ಹೆಸರುಗಳಿದ್ದರೆ ಆಶ್ಚರ್ಯವಿಲ್ಲ. ಮೂರನ್ನೂ ಬರೆದುಕೊಳ್ಳಿರಿ. ಆದರೆ ಫಲಕ ಬದಲಾಯಿತೆಂದು ದೂರುವ ಮೊದಲು, ನಮ್ಮ ಹೆಸರು ಯಾವುದು, ಅದರ ಅರ್ಥವೇನು ಎಂಬುದನ್ನು ನಾವು ತಿಳಿದಿರಬೇಕಷ್ಟೆ. ತಿಳಿಯದವನು ಕಳೆದುಕೊಂಡದ್ದನ್ನೂ ತಿಳಿಯಲಾರನು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಕವಿಗಳಾಗಿದ್ದಂತೆ ಸಂಶೋಧಕರೂ ಆಗಿದ್ದರು. ಈ ನಾಡಿನ ಇತಿಹಾಸವನ್ನು ಕೆದಕುವುದಕ್ಕೆ ಅವರು ದೊಡ್ಡ ನಗರಕ್ಕೆ ಹೋಗಿ ನೆಲೆಸಲಿಲ್ಲ. ಕನ್ನಡ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಬದಿಯಡ್ಕದ ಬಳಿಯ ತಮ್ಮ ಹಳ್ಳಿಯಲ್ಲೇ ಇದ್ದು ಬರೆದರು, ಬೇಸಾಯವನ್ನೂ ಮಾಡಿದರು.

ನಾವು ಮಾಡಿದ ತಪ್ಪು, ನೀವು ಮಾಡಬಾರದವು

ನಮ್ಮ ಮೊದಲನೆಯ ಸೈಕಲ್ ಸಂಚಾರ ನಗೆಪಾಟಲಾಯಿತು. ಮಾರ್ಚ್ ತಿಂಗಳಲ್ಲಿ, ಬೆಳಗ್ಗೆ ಹತ್ತು ಗಂಟೆಗೆ ಹೊರಟೆವು. ನೀರು ಒಬ್ಬರಿಗೆ ಒಂದು ಸಣ್ಣ ಬಾಟ್ಲಿ. ನೆರಳಿಲ್ಲದ ಪಾರೆಯ ನಡುವೆ ಒಂದು ಸೈಕಲಿನ ಗಾಳಿ ಹೋಯಿತು. ಪಂಪು ಇತ್ತು, ಅಂಟು ಇರಲಿಲ್ಲ. ಒಬ್ಬ ಹುಡುಗನಿಗೆ ತಲೆ ಸುತ್ತಿತು. ದೂರದಲ್ಲಿ ಕಂಡ ಮನೆಗೆ ಅವನನ್ನು ನಡೆಸಿಕೊಂಡು ಹೋದೆವು. ಆ ಮನೆಯ ತಾಯಿ ಬ್ಯಾರಿ ಭಾಷೆಯಲ್ಲಿ ನಮ್ಮನ್ನು ಚೆನ್ನಾಗಿ ಗದರಿಸಿ, ಎಲ್ಲರಿಗೂ ಉಪ್ಪು ಹಾಕಿದ ಗಂಜಿತಿಳಿ ಕೊಟ್ಟರು. ಅಧ್ಯಾಪಕರಾದ ನಾವು ತಲೆ ತಗ್ಗಿಸಿ ಕುಡಿದೆವು. ಅಂದಿನಿಂದ ನಾವು ಪಾಲಿಸುತ್ತಿರುವ ನಿಯಮಗಳು ಇವು:

ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ದೂರದ ಸಂಚಾರ. ಮಳೆಗಾಲದ ಪಾರೆಯ ಹೂಗಳನ್ನು ಮಳೆಯಿಲ್ಲದ ಬೆಳಗಿನಲ್ಲಿ ಹತ್ತಿರದಲ್ಲೇ ನೋಡಬೇಕು. ಬೆಳಗ್ಗೆ ಆರೂವರೆಗೆ ಹೊರಟು ಹತ್ತೂವರೆಗೆ ನೆರಳು ಸೇರಬೇಕು.

ತಲೆಗೆ ಟೊಪ್ಪಿ, ಬೇಕಾದಷ್ಟು ನೀರು, ತುಸು ಬೆಲ್ಲ. ಸೈಕಲಿಗೆ ಪಂಪು, ಅಂಟು, ತೇಪೆ, ಪಾನ. ಹೊರಡುವ ಹಿಂದಿನ ದಿನವೇ ಬ್ರೇಕನ್ನು ಪರೀಕ್ಷಿಸಬೇಕು.

ಹೆದ್ದಾರಿಯಲ್ಲಿ ಸೈಕಲ್ ಬೇಡ. ಒಳದಾರಿಗಳಲ್ಲಿಯೂ ಒಬ್ಬರ ಹಿಂದೆ ಒಬ್ಬರು ಹೋಗಬೇಕು.

ಸುರಂಗವನ್ನು ಬಾಯಿಯಿಂದಲೇ ನೋಡಬೇಕು, ಒಳಗೆ ಕಾಲಿಡಕೂಡದು. ಗಾಳಿಯಿಲ್ಲದಿರಬಹುದು, ಹಾವಿರಬಹುದು, ಮಣ್ಣು ಕುಸಿಯಬಹುದು. ಕಲ್ಲುಕೋರೆಯ ಹೊಂಡಗಳಲ್ಲಿ ನಿಂತ ನೀರಿಗೆ ಎಷ್ಟೇ ಸೆಕೆಯಾದರೂ ಇಳಿಯಬಾರದು. ಅವುಗಳ ಬದಿ ನೆಟ್ಟಗಿರುತ್ತದೆ. ಹತ್ತಿ ಬರಲು ಹಿಡಿತವಿಲ್ಲ.

ತೋಟಕ್ಕೆ ಹೋಗುವ ಮೊದಲು ಮನೆಯವರನ್ನು ಕೇಳಬೇಕು. ತಣಪು ದಾಟಿದರೆ ಮತ್ತೆ ಮುಚ್ಚಬೇಕು. ಬನದಿಂದ, ದೈವಸ್ಥಾನದಿಂದ, ಮಸೀದಿಯ ಅಂಗಳದಿಂದ ಏನನ್ನೂ ತೆಗೆಯಬಾರದು.

ಪೋಷಕರಲ್ಲಿ ಒಂದು ಮಾತು

ಮಗ ಸೈಕಲ್ ಹತ್ತಿ ಹೊರಟರೆ ನಿಮಗೆ ಭಯವಾಗುವುದು ಸಹಜ. ಮಗಳು ಹೊರಟರೆ ಭಯ ಇನ್ನೂ ಹೆಚ್ಚು. ಕಳೆದ ಬಾರಿ ನಮ್ಮೊಡನೆ ಬಂದ ತಂಡದಲ್ಲಿ ಹುಡುಗಿಯರೇ ಹೆಚ್ಚಾಗಿದ್ದರು. ನಕ್ಷೆಯನ್ನು ಅಚ್ಚುಕಟ್ಟಾಗಿ ಬರೆದವರೂ ಅವರೇ. ದಾರಿ, ಸಮಯ, ಜತೆಗಾರರು ಇಷ್ಟನ್ನು ಬರೆದು ಮನೆಯಲ್ಲಿಟ್ಟು ಹೋಗುವಂತೆ ನಾವು ಕಟ್ಟುನಿಟ್ಟು ಮಾಡಿದ್ದೇವೆ. ನಿಮ್ಮಿಂದ ನಾವು ಕೇಳುವುದು ಎರಡನ್ನು. ಮಕ್ಕಳನ್ನು ಕಳುಹಿಸಿಕೊಡಿ. ಅವರು ಹಿಂದಿರುಗಿ ಬಂದು ಪ್ರಶ್ನೆ ಕೇಳಿದಾಗ, ಕೆಲಸವಿದೆಯೆಂದು ಎದ್ದು ಹೋಗದೆ ಗೊತ್ತಿದ್ದುದನ್ನು ಹೇಳಿರಿ. ಹಳೆಯ ಗದ್ದೆಯ ಹೆಸರು, ಕಟ್ಟ ಹಾಕುತ್ತಿದ್ದ ಜಾಗ, ಬತ್ತಿಹೋದ ಕೆರೆ, ಇವನ್ನು ಹೇಳಬಲ್ಲವರು ನೀವೂ ನಿಮ್ಮ ಮನೆಯ ಹಿರಿಯರೂ ಮಾತ್ರ.

ವಿದ್ಯಾರ್ಥಿಗಳೇ, ಮುಂದೆ ನೀವು ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗುವವರು. ಅಲ್ಲಿ ಯಾರಾದರೂ ನಿಮ್ಮ ಊರು ಎಂಥದು ಎಂದು ಕೇಳಿದರೆ ಹೇಳಲು ನಾಲ್ಕು ಮಾತು ಇರಬೇಡವೇ? ಮುಂದಿನ ರಜೆಯ ಒಂದು ಬೆಳಗ್ಗೆ ಮನೆಯ ಹಿಂದಿನ ತೋಡಿನಿಂದ ಆರಂಭಿಸಿರಿ. ಅದು ಹರಿಯುವ ದಿಕ್ಕಿಗೆ ಒಂದು ದಿನ, ಹುಟ್ಟುವ ದಿಕ್ಕಿಗೆ ಮತ್ತೊಂದು ದಿನ ನಡೆಯಿರಿ. ನೋಟುಪುಸ್ತಕ, ಪೆನ್ಸಿಲು ಜತೆಗಿರಲಿ. ಮುಂದಿನ ಸಂಚಿಕೆಯ ಈ ಪುಟಗಳಲ್ಲಿ ನಿಮ್ಮ ನಕ್ಷೆಗಳು ಅಚ್ಚಾಗಲೆಂದು ಹಾರೈಸುತ್ತೇವೆ.